ಕುಬೇರಪ್ಪ ಸೈಕಲ್ ಮಾರ್ಟ್

ಏಳು ವರ್ಷ ತಾನು ಎಲ್ಲಿ ಕೆಲಸ ಮಾಡಿದ್ದೆ ಎಂಬುದು ಭುವನೇಶ್ವರಿಗೆ ಗೊತ್ತಾದದ್ದು ಗುರುವಾರ ಬೆಳಿಗ್ಗೆ, ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದಾಗ. ಕೆಲಸ ಕೊಡಿಸುವ ಕನ್ಸಲ್ಟೆಂಟ್ ಅಚ್ಯುತ ಕಳಿಸಿದ ರೆಸ್ಯೂಮೆ ಫೋನಿನಲ್ಲಿ ತೆರೆದುಕೊಂಡಿತ್ತು. ಅದರ ಪ್ರಕಾರ ಅವಳು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟ್ ಇಂಜಿನಿಯರ್ ಆಗಿದ್ದಳು, ಆರು ಜನರ ಟೀಮನ್ನು ನಡೆಸಿದ್ದಳು, ಯಾವುದೋ ಬ್ಯಾಂಕಿನ ಸಾಫ್ಟ್‌ವೇರಿನ ತಪ್ಪುಗಳನ್ನು ಶೇಕಡ ನಲವತ್ತರಷ್ಟು ಇಳಿಸಿದ್ದಳು. ಓದುತ್ತಾ ಓದುತ್ತಾ ಆ ಹೆಂಗಸಿನ ಮೇಲೆ ಅವಳಿಗೆ ಸಣ್ಣಗೆ ಹೊಟ್ಟೆಕಿಚ್ಚೇ ಆಯಿತು. ಎಷ್ಟು ಚುರುಕು, ಎಷ್ಟು ಅಚ್ಚುಕಟ್ಟು, ಒಂದು ವರ್ಷವನ್ನೂ ಖಾಲಿ ಬಿಟ್ಟಿಲ್ಲ. ನಿಜವಾದ ಭುವನೇಶ್ವರಿ ಬೆಂಗಳೂರಿಗೆ ಹೋದದ್ದು ಎರಡೇ ಸಲ, ಎರಡೂ ಸಲ ವಿಮಾನ ಹತ್ತಲಿಕ್ಕೆ. ಟೆಸ್ಟಿಂಗ್ ಅಂತ ಅವಳು ಕಲಿತದ್ದು ಇಲ್ಲಿ ಅಮೆರಿಕದ ಕ್ಯಾಂಪ್‌ಬೆಲ್ ಎಂಬ ಊರಿನ ಒಂದು ಮಹಡಿಯ ಮೇಲೆ, ಇದೇ ಅಚ್ಯುತ ಹತ್ತು ಶನಿವಾರ ಹೇಳಿಕೊಟ್ಟ ಪಾಠದಲ್ಲಿ. ರೆಸ್ಯೂಮೆಯ ಕೆಳಗೆ ಅವನದೊಂದು ಮೆಸೇಜೂ ಇತ್ತು. "ಮೇಡಮ್, ಕ್ಲೈಂಟಿಗೆ ಇವತ್ತು ಸಂಜೆ ಐದಕ್ಕೆ ಕಳಿಸ್ಬೇಕು. ಓಕೆ ಅಂತ ಒಂದು ಹಾಕ್ಬಿಡಿ ಸಾಕು. ಇಂಟರ್‌ವ್ಯೂ ಬರೋದ್ರೊಳಗೆ ಏಳು ವರ್ಷನೂ ನಿಮಗೆ ಬಾಯಿಪಾಠ ಮಾಡಿಸ್ಬಿಡ್ತೀನಿ."

ಗಂಡ ಗುರುಕಿರಣ ರೆಡ್‌ವುಡ್ ಸಿಟಿಯ ಆಫೀಸಿಗೆ ಹೋಗುವ ರೈಲು ಹಿಡಿಯುವ ಅವಸರದಲ್ಲಿ ನಿಂತುಕೊಂಡೇ ಉಪ್ಪಿಟ್ಟು ತಿನ್ನುತ್ತಿದ್ದ. "ಎಲ್ಲಾರೂ ಹಂಗ ಮಾಡ್ತಾರ ಭುವಿ," ಎಂದ. "ಒಮ್ಮೆ ಒಳಗ ಹೊಕ್ಕರ ಆತು, ಕೆಲಸ ತಾನ ಕಲಿಸತೈತಿ. ಹನ್ನೊಂದು ವರ್ಷ ಮನ್ಯಾಗ ಕುಂತಿದ್ದೆ ಅಂತ ಬರದ್ರ ಯಾರ್ ಕರೀತಾರ?" ಅವನ ದನಿಯಲ್ಲಿ ಒತ್ತಾಯವಿರಲಿಲ್ಲ, ಕಾಳಜಿಯೇ ಇತ್ತು. ಅದಕ್ಕೇ ಜಗಳ ಆಡಲಿಕ್ಕೂ ಆಗಲಿಲ್ಲ. ಮನೆಯಲ್ಲಿ ಕುಂತದ್ದು ಅವಳ ಇಷ್ಟದಿಂದಲ್ಲ. ಗಂಡನ ವೀಸಾದ ಬೆನ್ನಿಗೆ ಬಂದ ಹೆಂಡತಿಯ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಅನುಮತಿಯ ಕಾರ್ಡು ಬಂದದ್ದು ಹೋದ ವರ್ಷ. ಈಗ ಇಡೀ ಅಮೆರಿಕ ತೆರೆದುಕೊಂಡು ನಿಂತು, ಹೇಳಮ್ಮಾ, ನೀನು ಯಾರು, ಎಂದು ಕೇಳುತ್ತಿರುವಾಗ ಅವಳ ಬಾಯಿ ಕಟ್ಟಿದಂತಾಗಿತ್ತು. ಹನ್ನೆರಡು ವರ್ಷದ ಮಗಳು ಗಾನವಿ ಅಮ್ಮನ ಫೋನನ್ನು ಎಳೆದುಕೊಂಡು ಓದಿದಳು. ಓದಿ ತಲೆಯೆತ್ತಿದಾಗ ಆ ಮುಖದಲ್ಲಿ ಭುವನೇಶ್ವರಿ ಹಿಂದೆಂದೂ ಕಾಣದ ಒಂದು ಬೆಳಕು. "ಅಮ್ಮಾ, ಯು ಲೆಡ್ ಎ ಟೀಮ್? ವೈ ಡಿಡ್ ಯು ನೆವರ್ ಟೆಲ್ ಮಿ?" ಗುರುಕಿರಣ ಕೆಮ್ಮಿದ. "ಸಾಲಿಗೆ ತಡಾ ಆಗತೈತಿ, ನಡಿ ನಡಿ," ಎಂದು ಭುವನೇಶ್ವರಿ ಮಗಳ ಬೆನ್ನ ಮೇಲೆ ಬ್ಯಾಗು ಏರಿಸಿದಳು. ಬಾಗಿಲು ಮುಚ್ಚಿದ ಮೇಲೆ ಬಾಣಲೆಯ ತಳ ಕೆರೆಯುತ್ತಾ ಎಷ್ಟೋ ಹೊತ್ತು ನಿಂತಳು. ಮಗಳು ಮೊದಲ ಸಲ ತನ್ನನ್ನು ಮೆಚ್ಚಿದ್ದಳು, ಮೆಚ್ಚಿದ್ದು ಇನ್ನೊಬ್ಬಳನ್ನು.

ಹತ್ತೂವರೆಗೆ ಸೈಕಲ್ ಹತ್ತಿ ಲೈಬ್ರರಿಗೆ ಹೊರಟಳು. ಅಲ್ಲಿ ಗುರುವಾರ ಗುರುವಾರ ಡೋರತಿ ಎಂಬ ನಿವೃತ್ತ ಟೀಚರು ಕುಳಿತು, ಬಂದವರಿಗೆ ಪುಕ್ಕಟೆಯಾಗಿ ರೆಸ್ಯೂಮೆ ತಿದ್ದಿಕೊಡುತ್ತಾಳೆ ಎಂದು ಓದಿದ್ದಳು. ಓಕೆ ಎನ್ನುವ ಮೊದಲು ತನ್ನ ಹತ್ತಿರ ನಿಜವಾಗಿ ಏನಿದೆ ಎಂದು ಒಬ್ಬರಿಗಾದರೂ ತೋರಿಸಿಬಿಡೋಣ ಅನ್ನಿಸಿತ್ತು. ಹಳ್ಳದ ಪಕ್ಕದ ಸೈಕಲ್ ದಾರಿಯಲ್ಲಿ ಬಿಸಿಲು ಎಳೆಯದಾಗಿತ್ತು, ಗಾಳಿಯಲ್ಲಿ ಸೋಂಪಿನ ಗಿಡದ ವಾಸನೆ. ಹಿಂದಿನಿಂದ ಒಂದು ಸೈಕಲ್ ಬರುತ್ತಿತ್ತು, ಟಿಸ್, ಟಿಸ್, ಟಿಸ್ ಎಂದು. ತಿರುಗಿ ನೋಡದೆಯೇ ಅವಳಿಗೆ ಗೊತ್ತಾಯಿತು: ಹಿಂದಿನ ಗಾಲಿ, ಎಡಕ್ಕೆ ವಾಲಿದೆ, ಸುತ್ತಿಗೊಂದು ಸಲ ಬ್ರೇಕಿಗೆ ಉಜ್ಜುತ್ತಿದೆ, ಕಡ್ಡಿ ಎರಡು ಸಡಿಲ. ಸುಮ್ಮನಿರಬೇಕು ಎಂದುಕೊಂಡಳು. ಸುಮ್ಮನಿರಲಿಕ್ಕೆ ಆಗಲಿಲ್ಲ. ಕೊರಳಲ್ಲಿ ದೊಡ್ಡ ಕಂಪನಿಯ ಬ್ಯಾಡ್ಜು ಹಾಕಿಕೊಂಡ ಹೆಂಗಸೊಬ್ಬಳು ಆ ಕಂಪನಿಯ ಬಣ್ಣಬಣ್ಣದ ಕ್ಯಾಂಪಸ್ ಸೈಕಲ್ ತುಳಿಯುತ್ತಿದ್ದಳು. ಭುವನೇಶ್ವರಿ ಕೈ ಅಡ್ಡ ಮಾಡಿ ಅವಳನ್ನು ನಿಲ್ಲಿಸಿ, ಸೈಕಲನ್ನು ತಲೆಕೆಳಗು ಮಾಡಿ, ಹ್ಯಾಂಡ್‌ಬ್ಯಾಗಿನಿಂದ ಕಡ್ಡಿ ಬಿಗಿಯುವ ಪುಟ್ಟ ಚಾವಿ ತೆಗೆದು ಕೂತೇಬಿಟ್ಟಳು. ಐದು ನಿಮಿಷ. ಗಾಲಿ ತಿರುಗಿಸಿದರೆ ಸದ್ದೇ ಇಲ್ಲ. ಆ ಸದ್ದಿಲ್ಲದಿರುವುದನ್ನು ಕೇಳುವುದೆಂದರೆ ಅವಳಿಗೆ ಮೈಯೆಲ್ಲ ಖುಷಿ. ನೀವು ಸೈಕಲ್ ಶೆಡ್ಡಿನವರೇ ಎಂದು ಆ ಹೆಂಗಸು ಕೇಳಿದಳು. ಅಲ್ಲ ಎಂದದ್ದಕ್ಕೆ, ಈ ಸೈಕಲ್‌ಗಳನ್ನು ನೋಡಿಕೊಳ್ಳುವ ಶೆಡ್ಡು ಇವತ್ತು ಎರಡರಿಂದ ಐದರವರೆಗೆ ಜನರನ್ನು ತೆಗೆದುಕೊಳ್ಳುತ್ತಿದೆ, ನಮ್ಮ ಕಂಪನಿಯ ಶಟಲ್ ಬಸ್ಸು ನಿಲ್ಲುವಲ್ಲಿ ಚೀಟಿ ಅಂಟಿಸಿದ್ದಾರೆ, ರೆಸ್ಯೂಮೆ ಹಿಡಿದುಕೊಂಡು ಹೋದರೆ ಸಾಕು, ಎಂದು ಹೇಳಿ ಹೊರಟುಹೋದಳು.

ಚಾವಿಯನ್ನು ಬ್ಯಾಗಿಗೆ ಹಾಕುವಾಗ ಭುವನೇಶ್ವರಿಗೆ ನಗು ಬಂತು. ಈ ಹನ್ನೊಂದು ವರ್ಷ ಅಪಾರ್ಟ್‌ಮೆಂಟಿನ ನೂರಾಹತ್ತು ಮನೆಗಳ ಸೈಕಲ್‌ಗಳಿಗೆ ಅವಳೇ ಗತಿ. ಪಂಚರು, ಚೈನು, ಬ್ರೇಕು, ಮಕ್ಕಳ ಮೂರು ಗಾಲಿಯದ್ದು, ಮುದುಕರ ಗೇರಿನದ್ದು. ಮೊದಲ ವರ್ಷ ಪಕ್ಕದ ಬೀದಿಯ ಒಬ್ಬ ಮುದುಕ ಪಂಚರ್ ಹಾಕಿಸಿಕೊಂಡು, ತನ್ನ ಹಿತ್ತಲಿನದೆಂದು ಒಂದು ಬುಟ್ಟಿ ನಿಂಬೆಹಣ್ಣು ತಂದು ಬಾಗಿಲಲ್ಲಿಟ್ಟು ಹೋಗಿದ್ದ. ಅದು ಸಂಬಳವಾಗುತ್ತದೆಯೋ ಏನೋ, ವೀಸಾ ಹೋದರೆ ಏನು ಗತಿ ಎಂದು ಹೆದರಿ ಬುಟ್ಟಿಯನ್ನು ವಾಪಸು ಅವನ ಬಾಗಿಲಿಗೇ ಇಟ್ಟು ಬಂದಿದ್ದಳು. ಅವನು ಮತ್ತೆ ತಂದಿಟ್ಟ. ಇವಳು ಮತ್ತೆ ಒಯ್ದಿಟ್ಟಳು. ಮೂರನೇ ಸಲ ಗುರುಕಿರಣ ಬುಟ್ಟಿಯನ್ನು ಒಳಗೆ ತಂದು, ಸರ್ಕಾರ ಬಂದು ಕೇಳಿದರೆ ಉಪ್ಪಿನಕಾಯಿ ತೋರಿಸೋಣ ಎಂದಿದ್ದ. ಅಂದಿನಿಂದ ಅದು ಕೆಲಸವಲ್ಲ, ಟೈಮ್‌ಪಾಸು ಎಂದು ಎಷ್ಟು ಜನಕ್ಕೆ ಎಷ್ಟು ಸಲ ಹೇಳಿದ್ದಳೆಂದರೆ ಕೊನೆಗೆ ತಾನೇ ಅದನ್ನು ನಂಬಿಬಿಟ್ಟಿದ್ದಳು.

ಡೋರತಿಯದು ಎಪ್ಪತ್ತು ದಾಟಿದ ವಯಸ್ಸು, ಕೈಯಲ್ಲಿ ಹಸಿರು ಪೆನ್ನು. ಭುವನೇಶ್ವರಿ ತಂದದ್ದು ಬಿ.ಕಾಂ. ಮುಗಿದ ಹೊಸದರಲ್ಲಿ ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ ಬಯೋಡೇಟಾ. ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು, ರಾಷ್ಟ್ರೀಯತೆ, ಧರ್ಮ, ಎತ್ತರ, ಬಲ್ಲ ಭಾಷೆಗಳು, ಹವ್ಯಾಸ. ಕೊನೆಗೆ, ಮೇಲ್ಕಂಡ ವಿವರಗಳೆಲ್ಲ ನಾನು ತಿಳಿದಮಟ್ಟಿಗೆ ಸತ್ಯವೆಂದು ಈ ಮೂಲಕ ಘೋಷಿಸುತ್ತೇನೆ, ಸ್ಥಳ, ದಿನಾಂಕ, ಸಹಿ. ಅಮೆರಿಕಕ್ಕೆ ಬಂದ ಮೇಲೆ ಅದರಲ್ಲಿ ಮದುವೆಯಾದದ್ದನ್ನೂ ಗಂಡನ ಕಂಪನಿಯ ಹೆಸರನ್ನೂ ಸೇರಿಸಿದ್ದಳು. ಡೋರತಿ ಕನ್ನಡಕ ಏರಿಸಿಕೊಂಡು ಓದಿದಳು. ಆಮೇಲೆ ಹಸಿರು ಪೆನ್ನು ಹೊರಟಿತು. ಇಲ್ಲಿ ವಯಸ್ಸು ಯಾರೂ ಕೇಳುವಂತಿಲ್ಲ. ಹುಟ್ಟಿದ ತಾರೀಖು ಹೋಯಿತು. ಧರ್ಮ ಹೋಯಿತು. ಎತ್ತರ, ಅದೇಕೆ ಬೇಕು, ನೀನೇನು ಬೀರುವೇ ಎಂದು ನಕ್ಕಳು, ಎತ್ತರವೂ ಹೋಯಿತು. ಗಂಡ ಹೋದ, ಗಂಡನ ಕಂಪನಿ ಹೋಯಿತು. ಪ್ರತಿ ಗೆರೆಗೂ ಭುವನೇಶ್ವರಿಗೆ ಎದೆ ಸ್ವಲ್ಪ ಹಗುರಾಗುತ್ತಿತ್ತು; ನಲವತ್ತೊಂದು ವರ್ಷ ಹೊತ್ತುಕೊಂಡು ತಿರುಗಿದ್ದನ್ನೆಲ್ಲ ಈ ಮುದುಕಿ ಒಂದೊಂದಾಗಿ ಇಳಿಸಿ ಕೆಳಗಿಡುತ್ತಿದ್ದಳು. ಸತ್ಯವೆಂದು ಘೋಷಿಸುವ ಸಾಲನ್ನೂ ಹೊಡೆದು, ನೀನು ಸತ್ಯ ಹೇಳುತ್ತೀ ಅಂತಲೇ ನಾವು ಅಂದುಕೊಳ್ಳುತ್ತೇವೆ ಎಂದಾಗ ಮಾತ್ರ ಅಚ್ಯುತನ ಏಳು ವರ್ಷ ನೆನಪಾಗಿ ಕಿವಿ ಬಿಸಿಯಾಯಿತು. ಆಮೇಲೆ ಪೆನ್ನು ಮೇಲಕ್ಕೆ ಹೋಗಿ ತಂದೆಯ ಹೆಸರಿನ ಮೇಲೆ ನಿಂತಿತು. ಇದಂತೂ ಬೇಡವೇ ಬೇಡ, ಎಂದಳು ಡೋರತಿ. ಕುಬೇರಪ್ಪ ಎಂಬ ಹೆಸರಿನ ಮೇಲೆ ಎಳೆದ ಹಸಿರು ಗೆರೆಗೆ ಭುವನೇಶ್ವರಿಯ ಎದೆ ಹಗುರಾಗಲಿಲ್ಲ.

ಕುಬೇರಪ್ಪನನ್ನು ಅವಳು ಮೊದಲೂ ಒಮ್ಮೆ ಅಳಿಸಿದ್ದಳು. ಮದುವೆಯ ಬಯೋಡೇಟಾದಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ತನ್ನ ಕೈಯಾರೆ ಬರೆದಿದ್ದಳು, ಆಟೊಮೊಬೈಲ್ ವ್ಯಾಪಾರ. ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯಲ್ಲಿ ಹತ್ತು ಅಡಿ ಅಗಲದ ಅಂಗಡಿ, ಮುಂದೆ ಸಾಲಾಗಿ ನಿಂತ ಬಾಡಿಗೆ ಸೈಕಲ್‌ಗಳು, ನೀರಿನ ಬುಟ್ಟಿಯಲ್ಲಿ ಮುಳುಗಿಸಿದ ಟ್ಯೂಬಿನಿಂದ ಏಳುವ ಗುಳ್ಳೆ. ಅಪ್ಪ ಆ ಕಾಗದವನ್ನು ಎರಡು ಸಲ ಓದಿ, ಮಡಚಿ ಕಿಸೆಯಲ್ಲಿಟ್ಟುಕೊಂಡು ಡಿಟಿಪಿ ಅಂಗಡಿಗೆ ಹೋಗಿದ್ದ. ಗುರುಕಿರಣನ ಮನೆಯವರು ಹೆಣ್ಣು ನೋಡಲು ಬಂದ ದಿನ ಅವನ ಅಪ್ಪ, ನಿಮ್ಮದು ಯಾವ ಕಂಪನಿ ಏಜೆನ್ಸಿರೀ ಎಂದು ಕೇಳಿದ್ದಕ್ಕೆ ಅಪ್ಪ ಗಂಭೀರವಾಗಿ, ಎಲ್ಲಾ ಕಂಪನಿವೂ ಬರ್ತಾವ್ರಿ ನಮ್ಮಲ್ಲಿ, ಎಂದಿದ್ದ. ಮದುವೆಯಾದ ಮೇಲೆ ಗುರುಕಿರಣನಿಗೆ ಎಲ್ಲ ಗೊತ್ತಾಗಿ, ಆ ಮಾತು ನೆನೆಸಿಕೊಂಡು ಬಿದ್ದು ಬಿದ್ದು ನಕ್ಕ. ಅವಳೂ ನಕ್ಕಳು. ಆದರೆ ಅದಕ್ಕೂ ಹಿಂದಿನದೊಂದು ಇತ್ತು, ಅದನ್ನು ಗುರುಕಿರಣನಿಗೂ ಹೇಳಿರಲಿಲ್ಲ. ಹತ್ತನೆಯ ವಯಸ್ಸಿನಿಂದ ಹದಿನೇಳರವರೆಗೆ ಶಾಲೆ ಬಿಟ್ಟೊಡನೆ ಅವಳು ಇರುತ್ತಿದ್ದದ್ದು ಅಂಗಡಿಯಲ್ಲೇ. ಗಾಲಿಯ ಓರೆ ತೆಗೆಯುವುದರಲ್ಲಿ ಊರಿನ ದೊಡ್ಡ ದೊಡ್ಡ ಮೇಸ್ತ್ರಿಗಳೂ ಅವಳ ಮುಂದೆ ನಿಲ್ಲುತ್ತಿರಲಿಲ್ಲ. ಪಿಯುಸಿ ಸೇರಿದ ವರ್ಷ ಕಾಲೇಜಿನ ಗೆಳತಿಯರು ಮೂವರು ಗಾಳಿ ಹಾಕಿಸಿಕೊಳ್ಳಲು ಅಂಗಡಿಗೆ ಬಂದರು. ಗ್ರೀಸು ಮೆತ್ತಿದ ಕೈಗಳನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಅವಳು ಬಾಗಿಲ ಹಿಂದೆ ನಿಂತಳು. ಇದು ಭುವಿಯ ಮನೆಯೇನ್ರಿ ಎಂದು ಅವರು ಕೇಳಿದರು. ಅಪ್ಪ ಪಂಪು ಒತ್ತುತ್ತಾ ಬಾಗಿಲ ಸಂದಿಯಲ್ಲಿ ಅವಳ ಕಣ್ಣು ನೋಡಿದ. "ಇಲ್ರವಾ, ಆಕಿ ಇಲ್ಲಿ ಇರಾಂಗಿಲ್ಲ," ಎಂದ. ಮರುದಿನದಿಂದ ಅವಳು ಅಂಗಡಿಗೆ ಹೋಗಲಿಲ್ಲ. ಯಾಕೆಂದು ಅಪ್ಪ ಕೇಳಲೂ ಇಲ್ಲ.

ಈಗ ಉಳಿದದ್ದು ನೋಡು, ಎಂದು ಡೋರತಿ ಹಾಳೆ ತಿರುಗಿಸಿ ಹಿಡಿದಳು. ಹೆಸರು, ಫೋನ್ ನಂಬರು, ಬಿ.ಕಾಂ., ಟೆಸ್ಟಿಂಗ್ ಕೋರ್ಸು. ಅಷ್ಟೇ. ಇನ್ನು ನೀನು ಏನು ಮಾಡಿದ್ದೀ ಹೇಳು, ಸಂಬಳ ಇರಲಿ ಬಿಡಲಿ. ಏನೂ ಇಲ್ಲ ಎಂದಳು ಭುವನೇಶ್ವರಿ. ಡೋರತಿ ನಂಬಲಿಲ್ಲ. ಟೀಚರಾಗಿದ್ದವಳಲ್ಲವೇ, ಏನೂ ಇಲ್ಲ ಎನ್ನುವವರನ್ನು ನಲವತ್ತು ವರ್ಷ ನೋಡಿದ್ದಳು. ಬರುವಾಗ ಬೆರಳಿಗೆ ಏನು ಹತ್ತಿಸಿಕೊಂಡು ಬಂದೆ ಎಂದು ಕೇಳಿದಳು. ಭುವನೇಶ್ವರಿ ಕೈ ನೋಡಿಕೊಂಡಳು. ಕ್ಯಾಂಪಸ್ ಸೈಕಲ್ಲಿನ ಮಸಿ. ಎರಡೂ ಕೈಗಳು ತಾವಾಗಿಯೇ ಮೇಜಿನ ಕೆಳಗೆ ಹೋದವು. ಹೋದದ್ದು ಗೊತ್ತಾಗಿ ಅವಳಿಗೆ ಸಿಟ್ಟು ಬಂತು, ನಿಜವಾದ ಸಿಟ್ಟು, ಹದಿನೇಳರ ಆ ಹುಡುಗಿಯ ಮೇಲೆ. ಕೈಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಹೇಳಿದಳು. ಹೇಳತೊಡಗಿದರೆ ನಿಲ್ಲಿಸಲಾಗಲಿಲ್ಲ. ಬಾಡಿಗೆ ಸೈಕಲ್, ಗಾಲಿ, ಕಡ್ಡಿ, ನಿಂಬೆಹಣ್ಣು, ನೂರಾಹತ್ತು ಮನೆ. ಮಾತು ನಿಂಬೆಹಣ್ಣಿಗೆ ಬಂದಾಗ ಡೋರತಿ ಇದು ಲೈಬ್ರರಿ ಎಂಬುದನ್ನೂ ಮರೆತು ಜೋರಾಗಿ ನಕ್ಕಳು. ಹತ್ತನೆಯ ವಯಸ್ಸಿನಿಂದ ಎಂದಾಗ ಮಾತ್ರ ಹುಬ್ಬೇರಿಸಿ, ಏಳು ವರ್ಷ ಎಂದಷ್ಟೇ ಬರೆಯೋಣ, ಎಂದಳು. ಏಳು ವರ್ಷ! ಅಚ್ಯುತ ಎಲ್ಲಿಂದಲೋ ಕಡ ತಂದ ಏಳು ವರ್ಷ ಅವಳ ಹತ್ತಿರ ಮೊದಲಿನಿಂದಲೇ ಇತ್ತು. ಅಂಗಡಿಯ ಹೆಸರು? ಕುಬೇರಪ್ಪ ಸೈಕಲ್ ಮಾರ್ಟ್. ಮೇಲಧಿಕಾರಿ? ಕುಬೇರಪ್ಪ. ನಿನ್ನ ಸಂಬಂಧಿಕರೇ? ನಮ್ಮ ಅಪ್ಪ. ಡೋರತಿ ಪೆನ್ನು ಗಲ್ಲಕ್ಕೆ ಒತ್ತಿಕೊಂಡು ಯೋಚಿಸಿದಳು. ಅದನ್ನು ಬರೆಯಬೇಕಾಗಿಲ್ಲ, ಎಂದಳು. ನಿನ್ನ ಹೆಸರಿನ ಮುಂದೆ ಗಂಡನ ಹೆಸರಿದೆ, ಯಾರಿಗೂ ಗೊತ್ತಾಗುವುದಿಲ್ಲ. ಮನೆಯವರ ಹತ್ತಿರ ಮಾಡಿದ ಕೆಲಸ ಎಂದರೆ ಜನ ಅರ್ಧ ಬೆಲೆ ಕಟ್ಟುತ್ತಾರೆ. ಹೀಗೆ ಮೇಲಿನ ಸಾಲಿನಲ್ಲಿ ತಂದೆಯಾಗಿ ಹೋದ ಕುಬೇರಪ್ಪ ಕೆಳಗಿನ ಸಾಲಿನಲ್ಲಿ ಮಾಲೀಕನಾಗಿ ಬಂದು ಕುಳಿತ. ಲೈಬ್ರರಿಯ ಪ್ರಿಂಟರು ಎರಡು ಪ್ರತಿ ಕೊಟ್ಟಿತು.

ಸೈಕಲ್ ಶೆಡ್ಡು ಕೊಲ್ಲಿಯ ಕಡೆ, ಫ್ರೀವೇ ದಾಟಿದ ಮೇಲೆ ಇತ್ತು. ಒಳಗೆ ಕಾಲಿಟ್ಟಾಗ ಬಡಿದ ವಾಸನೆಗೆ ಅವಳ ಕಾಲುಗಳು ಅಲ್ಲೇ ನಿಂತವು. ರಬ್ಬರು, ಗ್ರೀಸು, ಪಂಚರಿಗೆ ಹಚ್ಚುವ ಸೊಲ್ಯೂಷನ್ನು. ಸೂರಿನಿಂದ ನೂರಾರು ಗಾಲಿಗಳು ನೇತಾಡುತ್ತಿದ್ದವು. ಸಾಲಿನಲ್ಲಿ ಹದಿನಾಲ್ಕು ಜನ, ಅವಳೊಬ್ಬಳೇ ಹೆಂಗಸು, ಅವಳದೊಂದೇ ಚೂಡಿದಾರ. ಯಾರೂ ದುರುಗುಟ್ಟಿ ನೋಡಲಿಲ್ಲ, ಆದರೂ ಅವಳು ಮನಸ್ಸಿನಲ್ಲೇ ಎಲ್ಲರಿಗೂ ಉತ್ತರ ಕೊಡುತ್ತಾ ನಿಂತಳು. ಗುರುಕಿರಣ ಏನನ್ನುತ್ತಾನೆ? ಪಂಚರ್ ಹಾಕಾಕ ಅಮೆರಿಕಾದ ತನಕಾ ಬರಬೇಕಿತ್ತೇನು ಭುವಿ, ಎನ್ನುತ್ತಾನೆ, ನಗುತ್ತಾನೆ, ಆಮೇಲೆ ರಾತ್ರಿ ಸುಮ್ಮನಾಗುತ್ತಾನೆ. ಗಾನವಿ? ಆರು ಜನರ ಟೀಮನ್ನು ನಡೆಸಿದ ಅಮ್ಮ ಒಂದೇ ದಿನ ಬದುಕಿದ್ದಳು ಎಂದು ಮಗಳಿಗೆ ಹೇಗೆ ಹೇಳುವುದು? ಅಷ್ಟರಲ್ಲಿ ಒಬ್ಬಾಕೆ ಬಂದು ಎಲ್ಲರಿಗೂ ಒಂದೊಂದು ಫಾರ್ಮು ಕೊಟ್ಟು ಹೋದಳು. ಮಾರಿಸೋಲ್ ಎಂದು ಎದೆಯ ಮೇಲೆ ಹೆಸರಿತ್ತು, ಮುಂಗೈ ತುಂಬ ಹಚ್ಚೆ, ನರೆತ ಕೂದಲಿನ ಗಂಟು. ಶೆಡ್ಡು ನಡೆಸುವವಳು ಅವಳೇ. ಫಾರ್ಮಿನ ಕೊನೆಯಲ್ಲಿ, ಮೇಲಿನದೆಲ್ಲ ಸತ್ಯವೆಂದು ಪ್ರಮಾಣೀಕರಿಸುತ್ತೇನೆ, ಸಹಿ, ದಿನಾಂಕ. ಭುವನೇಶ್ವರಿಗೆ ನಗು ತಡೆಯಲಾಗಲಿಲ್ಲ. ಬೆಳಿಗ್ಗೆ ಡೋರತಿ ಹೊಡೆದು ಹಾಕಿದ್ದನ್ನೇ ಮಧ್ಯಾಹ್ನ ಇಲ್ಲಿ ಕೇಳುತ್ತಿದ್ದಾರೆ.

ಸಹಿ ಹಾಕಲು ಪೆನ್ನು ಊರಿದಾಗ ಫೋನ್ ಬಂತು, ಅಚ್ಯುತ. "ಮೇಡಮ್, ನಾಲ್ಕಾಯ್ತು. ಓಕೆ ಬರ್ಲೇ ಇಲ್ವಲ್ಲ?"

"ಅಚ್ಯುತ ಅವರ, ಅದನ್ನ ಕಳಸಬ್ಯಾಡ್ರಿ."

"ಯಾಕ್ ಮೇಡಮ್, ಬೇರೆ ಕಡೆ ಆಯ್ತಾ? ಹೇಳ್ಬಾರ್ದಾ, ಕಂಗ್ರಾಟ್ಸು!"

"ಎಲ್ಲೂ ಆಗಿಲ್ರಿ. ಆದ್ರೂ ಬ್ಯಾಡ. ಅದರಾಗ ಇರಾಕಿ ನಾನಲ್ಲ."

"ಅಯ್ಯೋ, ನೀವಲ್ಲ ಅಂತ ನಂಗ್ ಗೊತ್ತಿಲ್ವಾ ಮೇಡಮ್? ಬರೆದೋನೇ ನಾನು," ಎಂದು ಅಚ್ಯುತ ಮನಸಾರೆ ನಕ್ಕ. ಒಳ್ಳೆಯ ಮನುಷ್ಯ. "ಇದು ಹೋದ್ರೆ ಇನ್ನೊಂದು ಕ್ಲೈಂಟು ಯಾವಾಗ ಸಿಗುತ್ತೋ ಹೇಳಕ್ಕಾಗಲ್ಲ ನೋಡಿ." ಹೋಗಲಿ ಎಂದಳು. ಫೋನಿಟ್ಟಳು. ಈಗ ಅವಳ ಹತ್ತಿರ ಇದ್ದದ್ದು ಈ ಅರ್ಧ ಹಾಳೆಯ ರೆಸ್ಯೂಮೆ ಒಂದೇ. ಅಲ್ಲೇ ಕುಳಿತು ಅದನ್ನು ಮೊಣಕಾಲ ಮೇಲಿಟ್ಟುಕೊಂಡು, ಕುಬೇರಪ್ಪ ಎಂದು ಅಚ್ಚಾದದ್ದರ ಪಕ್ಕದಲ್ಲಿ, ಡೋರತಿ ಬೇಡವೆಂದದ್ದನ್ನು ತನ್ನ ಕೈಯಾರೆ ಬರೆದಳು: ನನ್ನ ತಂದೆ. ಬರೆದು, ಫಾರ್ಮಿಗೂ ಸಹಿ ಹಾಕಿದಳು.

ಪರೀಕ್ಷೆ ಅಂದರೆ ಒಂದು ಸೈಕಲ್ಲಿನ ಸೊಟ್ಟ ಗಾಲಿ. ಗಾಲಿ ಹಿಡಿಯುವ ಕಬ್ಬಿಣದ ಸ್ಟ್ಯಾಂಡು ಇತ್ತು, ಅಳತೆಯ ಮುಳ್ಳು ಇತ್ತು. ಭುವನೇಶ್ವರಿ ಅದನ್ನು ಎಂದೂ ಕಂಡಿರಲಿಲ್ಲ. ಒಂದು ಸೀಮೆಸುಣ್ಣ ಸಿಗುತ್ತದೆಯೇ ಎಂದು ಕೇಳಿದಳು. ಮಾರಿಸೋಲ್ ವಿಚಿತ್ರವಾಗಿ ನೋಡಿ, ಹಲಗೆಯ ಹತ್ತಿರದಿಂದ ಒಂದು ತುಂಡು ತಂದುಕೊಟ್ಟಳು. ಭುವನೇಶ್ವರಿ ಸೈಕಲನ್ನು ತಲೆಕೆಳಗು ನಿಲ್ಲಿಸಿ, ಗಾಲಿಯನ್ನು ಜೋರಾಗಿ ತಿರುಗಿಸಿ, ರಿಮ್ಮಿನ ಪಕ್ಕ ಸೀಮೆಸುಣ್ಣವನ್ನು ಅಲುಗಾಡದಂತೆ ಹಿಡಿದಳು. ಗಾಲಿ ಉಬ್ಬಿದ ಕಡೆ ತಾನೇ ಬಂದು ಬಿಳಿ ಗೆರೆ ಹಾಕಿಸಿಕೊಂಡಿತು. ಆ ಗೆರೆಯ ಹತ್ತಿರ ಆಚೆ ಬದಿಯ ಕಡ್ಡಿ ಅರ್ಧ ಸುತ್ತು ಬಿಗಿ, ಈಚೆಯದು ಕಾಲು ಸುತ್ತು ಸಡಿಲು. ಒರೆಸು, ತಿರುಗಿಸು, ಹಿಡಿ. ಸುತ್ತಲಿನ ಸದ್ದೆಲ್ಲ ದೂರವಾಯಿತು. ಗಂಡ, ಮಗಳು, ಹನ್ನೊಂದು ವರ್ಷ, ಯಾವುದೂ ನೆನಪಾಗಲಿಲ್ಲ. ಗೆರೆ ಗಿಡ್ಡವಾಗುತ್ತಾ ಬಂತು, ಚುಕ್ಕೆಯಾಯಿತು, ಕೊನೆಗೆ ಗಾಲಿ ಸೀಮೆಸುಣ್ಣವನ್ನು ಮುಟ್ಟದೇ ತಿರುಗಿತು. ಎಷ್ಟು ಸುಖ ಇದು, ಎಂದು ಅನ್ನಿಸಿತು ಅವಳಿಗೆ, ಇದನ್ನು ಟೈಮ್‌ಪಾಸು ಅಂದೆನಲ್ಲ. ಮಾರಿಸೋಲ್ ಗಾಲಿಯನ್ನು ಬಿಚ್ಚಿ ಸ್ಟ್ಯಾಂಡಿಗೆ ಹಾಕಿ ಅಳೆದಳು, ಮತ್ತೊಮ್ಮೆ ಅಳೆದಳು, ಆಮೇಲೆ ಗಾಜಿನ ಕೋಣೆಯ ಬಾಗಿಲು ತೆರೆದು ಒಳಗೆ ಬಾ ಎಂದಳು.

ಕೈಬರಹ ಓದಿ ಮಾರಿಸೋಲ್ ತಲೆಯೆತ್ತಿದಳು. ಒಬ್ಬ ಹಳೆಯ ಮೇಲಧಿಕಾರಿಯ ಹತ್ತಿರ ಮಾತಾಡದೆ ಯಾರನ್ನೂ ತೆಗೆದುಕೊಳ್ಳಬಾರದು ಎಂಬುದು ಇಲ್ಲಿನ ನಿಯಮ. ಅಪ್ಪ ಆಗಬಾರದು ಎಂದು ನಿಯಮದಲ್ಲಿ ಇಲ್ಲ. ಅಲ್ಲಿ ಈಗ ಎಷ್ಟು ಗಂಟೆ? ಗೋಡೆಯ ಗಡಿಯಾರದಲ್ಲಿ ನಾಲ್ಕೂ ನಲವತ್ತು. ರಾಣೆಬೆನ್ನೂರಿನಲ್ಲಿ ಬೆಳಿಗ್ಗೆ ಐದೂ ಹತ್ತು. ಎದ್ದಿರುತ್ತಾರೆ, ಆದರೆ ಇಂಗ್ಲಿಷ್ ಬಾರದು, ಎಂದಳು ಭುವನೇಶ್ವರಿ. ಹಾಗಾದರೆ ನೀನೇ ಹೇಳು, ನಡುವೆ ಏನನ್ನೂ ನುಂಗಬೇಡ, ಎಂದು ಮಾರಿಸೋಲ್ ಫೋನನ್ನು ಮೇಜಿನ ಮಧ್ಯಕ್ಕೆ ತಳ್ಳಿ ಸ್ಪೀಕರ್ ಹಾಕಿಸಿದಳು. ತನ್ನ ಬಗ್ಗೆ ತನ್ನ ಅಪ್ಪ ಹೇಳುವುದನ್ನು ತಾನೇ ಇಂಗ್ಲಿಷಿಗೆ ತಿರುಗಿಸಬೇಕು. ಎರಡು ರಿಂಗಿಗೆ ಕುಬೇರಪ್ಪ ಎತ್ತಿದ. ಅವಳು ಗಡಿಬಿಡಿಯಲ್ಲಿ ಎಲ್ಲ ಹೇಳಿದಳು: ಸೈಕಲ್ ಕೆಲಸ, ದೊಡ್ಡ ಶೆಡ್ಡು, ನಿನ್ನ ಹೆಸರು ಕೊಟ್ಟೀನಿ, ಇವರು ಕೇಳತಾರ, ಖರೇನ ಹೇಳು.

"ಸೈಕಲ್ಲಿಂದಾ?" ಎಂದ ಕುಬೇರಪ್ಪ. ಗಂಟಲು ಸರಿಮಾಡಿಕೊಂಡ. "ಕೇಳ್ರಿ ಅನ್ನು."

ಕೆಲಸ ಹೇಗೆ ಮಾಡುತ್ತಿದ್ದಳು? "ಕೈ ಭಾಳ ಚಲೋ ಐತ್ರಿ. ಬಾಯಿ ಜಾಸ್ತಿ. ಗಿರಾಕಿ ಜೋಡಿ ವಾದಾ ಹಾಕ್ತಿದ್ಲು. ಬ್ರೇಕ್ ಸರಿ ಇಲ್ಲಂದ್ರ ಸೈಕಲ್ ಕೊಡಾಂಗಿಲ್ಲ ಅಂತಿದ್ಲು, ಅವರ ಸೈಕಲ್ ಅವರಿಗೇ!" ಭುವನೇಶ್ವರಿ ನುಂಗದೆ ಹೇಳಿದಳು. ಮಾರಿಸೋಲ್ ಬಗ್ಗಿ ಬರೆದುಕೊಂಡಳು. ಹೊತ್ತಿಗೆ ಸರಿಯಾಗಿ ಬರುತ್ತಿದ್ದಳೇ? "ಎಲ್ಲಿದು! ದಿನಾ ತಡಾ." ಅದನ್ನೂ ಹೇಳಿದಳು, ಮುಖ ಕೆಂಪಾಗಿಸಿಕೊಂಡು. ಕೆಲಸ ಯಾಕೆ ಬಿಟ್ಟಳು?

ಈ ಪ್ರಶ್ನೆಯನ್ನು ಕನ್ನಡಕ್ಕೆ ತರಲು ಅವಳಿಗೆ ಹೊತ್ತು ಹಿಡಿಯಿತು. "ಆಕಿ ಬಿಟ್ಟಿಲ್ರಿ," ಎಂದ ಕುಬೇರಪ್ಪ. "ನಾನ ಬಿಡಿಸಿದೆ. ಕಾಲೇಜ್ ಓದೂದಿತ್ತು." ಅವಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು, ಒಂದಕ್ಷರ ಬಿಡದೆ. ಮಾರಿಸೋಲಳ ಪೆನ್ನು ಓಡತೊಡಗಿತು. ಇಪ್ಪತ್ತನಾಲ್ಕು ವರ್ಷದ ಮೇಲೂ ಅಪ್ಪ ಅವಳನ್ನು ಮರೆಮಾಡಿ ಬಾಗಿಲಿಗೆ ಅಡ್ಡ ನಿಂತೇ ಇದ್ದ. "ತಡೀರಿ," ಎಂದಳು ಭುವನೇಶ್ವರಿ. ಅವರು ಹೇಳಿದ್ದು ಅದೇ, ಆದರೆ ಅದು ನಿಜವಲ್ಲ; ಅವರು ಬಿಡಿಸಲಿಲ್ಲ, ಗೆಳತಿಯರು ನೋಡುತ್ತಾರೆಂದು ನಾಚಿ ನಾನೇ ಬಿಟ್ಟೆ, ಎಂದು ಮಾರಿಸೋಲಳಿಗೆ ಹೇಳಿದಳು. ಪೆನ್ನು ನಿಂತಿತು. 

"ಏನ್ ಅಂದಿ ಅವರಿಗೆ?" ಎಂದ ಅಪ್ಪ.

"ಖರೇ ಹೇಳಿದೆ ಅಪ್ಪಾ. ನಾನ ನಾಚಿಕಿ ಪಟ್ಟು ಬಿಟ್ಟೆ ಅಂತ. ತಪ್ಪಾತು."

ಫೋನಿನಲ್ಲಿ ರಾಣೆಬೆನ್ನೂರಿನ ಹಾಲಿನ ಗಾಡಿ ಹಾದುಹೋದ ಸದ್ದು ಕೇಳಿತು. ಕುಬೇರಪ್ಪ ಮೂಗು ಎಳೆದುಕೊಂಡ. "ಆತು ಬಿಡವಾ. ಮುಂದಿಂದು ಕೇಳು, ಪಾಪ ಅವರಿಗೆ ಕೆಲಸ ಇರತಾವು."

ಮಾರಿಸೋಲಳಿಗೆ ಭಾಷೆ ತಿಳಿಯಲಿಲ್ಲ, ಆದರೆ ಅವಳು ಕಿಟಕಿಯ ಕಡೆ ತಿರುಗಿ ಸ್ವಲ್ಪ ಹೊತ್ತು ಹೊರಗಿನ ಗಾಲಿಗಳನ್ನು ನೋಡಿದಳು. ಆಮೇಲೆ ಫಾರ್ಮಿನ ಕೊನೆಯ ಪ್ರಶ್ನೆ ಓದಿದಳು. ಅವಕಾಶ ಸಿಕ್ಕರೆ ಇವಳನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುತ್ತೀರಾ?

ಭುವನೇಶ್ವರಿ ಕೇಳಿದಳು.

"ಇದೇನ್ ಕೇಳೂ ಮಾತಾ?" ಎಂದು ಕುಬೇರಪ್ಪ ರೇಗಿದ. "ಇವತ್ತ ತಗೋತೇನಿ. ಅವರಿಗೆ ಬ್ಯಾಡಾಗಿದ್ರ ಕಳಸ್ರಿ ಅನ್ನು. ಹಿಂದಿನ ಗಾಲಿ ಮೂರು ಹಂಗ ಬಿದ್ದಾವ ಇಲ್ಲೆ."

ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಅವಳು ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ಹಿಂದಿನ ಗಾಲಿಗಳನ್ನೂ ಬಿಡಲಿಲ್ಲ. ಮಾರಿಸೋಲ್ ಬರೆಯುವುದನ್ನು ನಿಲ್ಲಿಸಿ ಪೆನ್ನಿನ ಮುಚ್ಚಳ ಹಾಕಿದಳು. ಅವರಿಗೆ ಹೇಳು, ಎಂದಳು, ಅವರು ಕೇಳಿದ್ದು ತಡವಾಯಿತು. ಸೋಮವಾರ ಬೆಳಿಗ್ಗೆ ಏಳಕ್ಕೆ ನೀನು ಇಲ್ಲಿರಬೇಕು.

"ತಡಾ ಆತಂತ ಅಪ್ಪಾ," ಎಂದಳು ಭುವನೇಶ್ವರಿ. "ಸೋಮವಾರ ಏಳಕ್ಕ ಇವರು ಬಾ ಅಂದಾರ."

"ಏಳಕ್ಕ ಅಂದ್ರ ಆರೂವರಿಗೆ ಹೋಗಿ ನಿಂದ್ರು," ಎಂದ ಕುಬೇರಪ್ಪ.